ಸೂಪರ್‌ವೈಸರ್ ಕೆಲ್ಸ ಬಿಟ್ಟು ಮತ್ತೆ ಬಿಲ್ಲಿಂಗ್ ಕೌಂಟರ್‌ಗೆ ಬಂದೆ

ಈ ತಿಂಗಳು ಒಂದನೇ ತಾರೀಖಿಂದ ನಾನು ಮತ್ತೆ ಬಿಲ್ಲಿಂಗ್ ಕೌಂಟರ್‌ನಲ್ಲಿ ನಿಂತಿದೀನಿ. ಮೂರು ವರ್ಷ ಫ್ಲೋರ್ ಸೂಪರ್‌ವೈಸರ್ ಆಗಿದ್ದೋಳು ನಾನೇ ಲೆಟರ್ ಬರ್ಕೊಟ್ಟು ಇಳಿದೆ. ಯಾರೂ ತೆಗೀಲಿಲ್ಲ, ನನ್ಮೇಲೆ ಕಂಪ್ಲೇಂಟೂ ಇರ್ಲಿಲ್ಲ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಅಮ್ಮನಿಂದ ಹಿಡಿದು ಪಕ್ಕದ ಮನೆಯೋರ ತನಕ ಎಲ್ರೂ ಮೊದ್ಲು ಕೇಳಿದ್ದು "ಏನಾದ್ರೂ ದುಡ್ಡಿನ ವಿಷ್ಯ ಆಯ್ತೇನಮ್ಮ" ಅಂತಾನೇ.

ಮೈಸೂರಲ್ಲಿ ಒಂದು ಸೂಪರ್ ಮಾರ್ಕೆಟ್‌ನಲ್ಲಿ ನನ್ನ ಕೆಲ್ಸ, ಹೆಸರು ಬೇಡ. ಕ್ಯಾಷಿಯರ್ ಆಗಿ ಸೇರ್ಕೊಂಡೆ, ನಾಲ್ಕು ವರ್ಷಕ್ಕೆ ಸೂಪರ್‌ವೈಸರ್ ಮಾಡಿದ್ರು, ಆವತ್ತು ಅಮ್ಮ ಚಾಮುಂಡಿ ಬೆಟ್ಟಕ್ಕೆ ಹೋಗಿ ಪೂಜೆ ಮಾಡಿಸ್ಕೊಂಡು ಬಂದಿದ್ಲು. ಕೆಲ್ಸ ನಂಗೆ ಇಷ್ಟಾನೇ ಇತ್ತು. ಬೆಳಗ್ಗೆ ಲೋಡ್ ಬಂದಾಗ ಬಿಲ್ ಜೊತೆ ಮಾಲು ತಾಳೆ ನೋಡೋದು, ಎಕ್ಸ್‌ಪೈರಿ ಹತ್ರ ಇರೋ ಪ್ಯಾಕೆಟ್ ಮುಂದಕ್ಕೆ ಜೋಡಿಸೋದು, ರಾತ್ರಿ ಪ್ರತಿ ಕೌಂಟರ್‌ದೂ ಕ್ಯಾಷ್ ಎಣಿಸಿ ಟ್ಯಾಲಿ ಮಾಡೋದು, ಇದ್ಯಾವ್ದೂ ನಂಗೆ ಕಷ್ಟ ಅನ್ನಿಸ್ಲೇ ಇಲ್ಲ. ಕಷ್ಟ ಆಗಿದ್ದು ಡ್ಯೂಟಿ ಚಾರ್ಟ್.

ಅಂಗಡಿಗಳ ಕಾಯ್ದೆ ಅಂತ ನಮ್ಮ ಕರ್ನಾಟಕದಲ್ಲಿ 1961ರದ್ದು ಇದೆ, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದಕ್ಕಿಂತ ಜಾಸ್ತಿ ಮಾಡಿಸಿದ್ರೆ ಡಬಲ್ ಕೂಲಿ. ನಾನು ಹಾಕ್ತಿದ್ದ ಚಾರ್ಟ್ ಯಾವಾಗ್ಲೂ 48ಕ್ಕೆ ಸರಿಯಾಗಿರ್ತಿತ್ತು. ಆದ್ರೆ ಹಬ್ಬದ ವಾರ ಮೇಲಿಂದ ವಾಟ್ಸಾಪ್‌ನಲ್ಲಿ ಮೆಸೇಜ್ ಬರೋದು, "ಆಲ್ ವೀಕಾಫ್ ಕ್ಯಾನ್ಸಲ್" ಅಂತ, ಅಂದ್ರೆ ಯಾರಿಗೂ ವಾರದ ರಜೆ ಇಲ್ಲ. ಅದನ್ನ ಹುಡುಗ್ರಿಗೆ ಮುಖಕ್ಕೆ ಮುಖ ಕೊಟ್ಟು ಹೇಳೋಳು ನಾನು. ಚಾರ್ಟ್ ಮಾತ್ರ ಬದಲಾಗ್ತಾ ಇರ್ಲಿಲ್ಲ, ಕೆಳಗೆ ನನ್ನ ಸೈನು.

ಹೋದ ವರ್ಷದ ಮಹಾಲಯ ಅಮಾವಾಸ್ಯೆ ವಿಷ್ಯ ಬರೀಲೇಬೇಕು. 2025 ಸೆಪ್ಟೆಂಬರ್ 21, ಭಾನುವಾರ. ಮಾರನೇ ದಿನಾನೇ ನವರಾತ್ರಿ ಶುರು, ಅವತ್ತೇ ಹೊಸ ಜಿಎಸ್‌ಟಿ. ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚೋ ಎಣ್ಣೆ, ಬಿಸ್ಕೆಟ್ ಎಲ್ಲಾ 18ರಿಂದ 5 ಪರ್ಸೆಂಟ್‌ಗೆ, ತುಪ್ಪ ಬೆಣ್ಣೆ 12ರಿಂದ 5ಕ್ಕೆ. ನಂದಿನಿ ತುಪ್ಪ ಲೀಟರ್ 650 ಇದ್ದಿದ್ದು 610. ಸ್ನಾನದ ಸೋಪಿಗೆ ಇಳೀತು, ಬಟ್ಟೆ ಒಗಿಯೋ ಪೌಡರ್‌ಗೆ ಇಳೀಲಿಲ್ಲ, ಅದಕ್ಕೆ ಆಮೇಲೆ ಒಂದು ವಾರ ಕಸ್ಟಮರ್ಸ್ ಹತ್ರ ಬೈಸ್ಕೊಂಡಿದ್ದು ಬೇರೆ. ಸೋಮವಾರ ಬೆಳಗ್ಗೆ ಶಟರ್ ಎತ್ತೋ ಹೊತ್ತಿಗೆ ಪ್ರತಿ ರ‍್ಯಾಕಿನ ರೇಟ್ ಚೀಟಿ ಬದಲಾಗಿರ್ಬೇಕು, ಭಾನುವಾರ ಯಾರಿಗೂ ರಜೆ ಇಲ್ಲ ಅಂತ ಆರ್ಡರ್.

ಮೈಸೂರು ಕಡೆಯೋರಿಗೆ ಆ ಅಮಾವಾಸ್ಯೆ ಅಂದ್ರೆ ಏನು ಅಂತ ಹೇಳ್ಬೇಕಾಗಿಲ್ಲ, ತೀರ್ಕೊಂಡ ಹಿರಿಯರಿಗೆ ಎಡೆ ಇಡೋ ದಿನ. ನಂಜನಗೂಡು ಕಡೆ ಹುಡುಗಿ ಒಬ್ಳು ನಮ್ಮಲ್ಲಿ ಕೆಲ್ಸ ಮಾಡ್ತಾಳೆ, ಅವಳಪ್ಪ ಅದರ ಹಿಂದಿನ ವರ್ಷ ತೀರ್ಕೊಂಡಿದ್ರು. ಹದಿನೈದು ದಿನ ಮುಂಚೆನೇ ರಜೆ ಕೇಳಿದ್ಲು, ನಾನು ಆಯ್ತು ಅಂದಿದ್ದೆ. ಶನಿವಾರ ಸಂಜೆ ಕರೆದು ಇಲ್ಲ ಅಂದೆ. ಅವ್ಳು ಜಗಳ ಮಾಡ್ಲಿಲ್ಲ. "ಅಪ್ಪಂಗೆ ಎಡೆಗಿಡೋಕೆ ಪಂಚೆ ತಗೊಂಡ್ಬಿಟ್ಟಿದೀನಿ ಅಕ್ಕ, ಯಾರ ಕೈಲಾದ್ರೂ ಕಳಿಸ್ಲಾ" ಅಂದ್ಲು ಅಷ್ಟೇ. ಕಳಿಸೋಕೆ ಯಾರೂ ಸಿಗ್ಲಿಲ್ಲ ಅನ್ಸುತ್ತೆ, ಯಾಕಂದ್ರೆ ಭಾನುವಾರ ರಾತ್ರಿ ನಾನು ಲಾಕರ್ ರೂಮಿಗೆ ಹೋದಾಗ ಅವಳ ಲಾಕರ್ ಬಾಗಿಲು ಅರ್ಧ ತೆಗೆದಿತ್ತು, ಒಳಗೆ ಟಿಫಿನ್ ಬಾಕ್ಸ್ ಮೇಲೆ ಅಂಗಡಿ ಕವರ್ ಸಮೇತ ಆ ಪಂಚೆ, ಅಂಚಿನ ಕೆಂಪು ಗೆರೆ ಪ್ಲಾಸ್ಟಿಕ್ ಒಳಗಿಂದ ಕಾಣ್ತಿತ್ತು. ಹೊರಗೆ ಅವ್ಳು ಸ್ಟೂಲ್ ಮೇಲೆ ಹತ್ತಿ ತುಪ್ಪದ ರ‍್ಯಾಕಲ್ಲಿ 650 ಚೀಟಿ ಉಗುರಲ್ಲಿ ಕೆರೆದು ತೆಗೀತಿದ್ಲು.

ಅವತ್ತು ರಾತ್ರಿ ಊಟ ಸೇರ್ಲಿಲ್ಲ ನಂಗೆ. ಸೇಲ್ ಟಾರ್ಗೆಟ್ ಬಗ್ಗೆ ಮೀಟಿಂಗಲ್ಲಿ ಬೈದ್ರೆ ತಡ್ಕೋಬಹುದು, ರಾತ್ರಿ ಎರಡಕ್ಕೆ ಅಂಗಡಿಯ ದೊಡ್ಡ ಫ್ರಿಜ್ ಟ್ರಿಪ್ ಆಗಿ ನಿಂತಿದೆ ಅಂತ ಸೆಕ್ಯುರಿಟಿ ಫೋನ್ ಮಾಡಿದ್ರೆ ಎದ್ದು ಹೋಗ್ಬಹುದು, ಹೋಗಿದೀನಿ ಕೂಡ. ಆದ್ರೆ ಒಂದು ದಿನ ರಜೆ ಕೊಡೋ ಅಧಿಕಾರ ನಂಗಿಲ್ಲ, ಕೊಟ್ಟ ಮಾತು ತಪ್ಪೋ ಕೆಲ್ಸ ಮಾತ್ರ ನಂದು ಅಂದ್ರೆ ಅದು ನನ್ನ ಕೈಲಿ ಆಗಲ್ಲ ಅಂತ ಗೊತ್ತಾಯ್ತು.

ಆದ್ರೂ ಲೆಟರ್ ಕೊಡೋಕೆ ನಾಲ್ಕು ತಿಂಗಳು ಬೇಕಾಯ್ತು, ಸಂಬಳ ತಿಂಗಳಿಗೆ ನಾಲ್ಕು ಸಾವಿರ ಕಮ್ಮಿ ಆಗುತ್ತಲ್ಲ. ಗಾಡಿ ಇಎಂಐ ಮುಗೀಲಿ ಅಂತ ಕಾದೆ. ಏರಿಯಾ ಮ್ಯಾನೇಜರ್ ಸರ್ ಲೆಟರ್ ಎರಡು ಸಲ ಓದಿ "ಬೇರೆ ಕಡೆ ಆಫರ್ ಬಂದಿದ್ರೆ ಹೇಳಮ್ಮ, ಮಾತಾಡೋಣ" ಅಂದ್ರು. ಇಲ್ಲ ಸರ್, ಇಲ್ಲೇ ಇರ್ತೀನಿ, ಕೌಂಟರ್ ಕೊಡಿ ಅಂದೆ. ಎಚ್‌ಆರ್‌ನವರ ಹತ್ರ ಇದಕ್ಕೊಂದು ಫಾರ್ಮೇ ಇರ್ಲಿಲ್ಲ, ಕೊನೆಗೆ "ಸ್ವಂತ ಇಚ್ಛೆಯಿಂದ" ಅಂತ ಬರೆಸ್ಕೊಂಡ್ರು.

ಈಗ ಒಂಬತ್ತು ಗಂಟೆ ನಿಂತು ಕಾಲು ನೋಯುತ್ತೆ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಲ್ಲಿ 2021ರಲ್ಲಿ ಅಂಗಡಿ ಕೆಲಸದೋರಿಗೆ ಕೂತ್ಕೊಳೋ ಸೌಕರ್ಯ ಕೊಡ್ಲೇಬೇಕು ಅಂತ ಕಾನೂನು ಮಾಡಿದ್ರು. ಸೂಪರ್‌ವೈಸರ್ ಆಗಿದ್ದಾಗ ಕೌಂಟರ್‌ಗಳಿಗೆ ನಾಲ್ಕು ಸ್ಟೂಲ್ ಕೇಳಿ ಮೇಲ್ ಹಾಕಿದ್ದೆ, ಉತ್ತರ ಬರ್ಲಿಲ್ಲ. ಇನ್ನೊಂದ್ಸಲ ಹಾಕ್ಬೇಕು, ಈ ಸಲ ನಾಲ್ಕೂ ಕೌಂಟರ್‌ನೋರ ಸೈನ್ ಹಾಕ್ಸಿ.

ನನ್ನ ಜಾಗಕ್ಕೆ ಬಂದ ಹುಡುಗ ಒಳ್ಳೆಯೋನು. ಕೀ ಕೊಡೋವಾಗ ನನ್ನ ಹಳೇ ನೋಟ್‌ಬುಕ್ಕೂ ಕೊಟ್ಟೆ. ಆ ಅಮಾವಾಸ್ಯೆ ಆದ್ಮೇಲೆ ಅದರಲ್ಲಿ ಒಬ್ಬೊಬ್ಬರದೂ ಬರೆದಿಟ್ಟಿದ್ದೆ, ಯಾರ ಊರಲ್ಲಿ ಯಾವಾಗ ಹಬ್ಬ, ಯಾರ ಮಗೂಗೆ ಯಾವಾಗ ಪರೀಕ್ಷೆ, ಯಾರ ಅತ್ತೆಗೆ ಡಯಾಲಿಸಿಸ್ ಯಾವ ವಾರ. ನಂಜನಗೂಡು ದೊಡ್ಡ ಜಾತ್ರೆ ಪೇಜಿಗೆ ಮೂಲೆ ಮಡಚಿದ್ದೆ. ಅವ್ನು ಅಲ್ಲೇ ತೆಗೆದು ಓದ್ದ, ಆ ಹುಡುಗಿ ಹೆಸರ ಮೇಲೆ ಬೆರಳಿಟ್ಟು "ಎರಡು ದಿನಾನಾ ಅಕ್ಕ" ಅಂದ. ಹೂಂ, ಎರಡು ದಿನ ಅಂದೆ. ಪೆನ್ನು ತೆಗೆದು ಚಾರ್ಟಲ್ಲಿ ಗುರ್ತು ಹಾಕೊಂಡ. ಮೇಲಿಂದ ಮೆಸೇಜ್ ಇನ್ನೂ ಬಂದಿಲ್ಲ.