ಹುಲ್ಲು ಕೊಯ್ಯೋದು ಈಗಲೋ, ಆಮೇಲೋ?

ಬೀದರ್ ಕಡೆಯ ನಮ್ಮ ಕೆಂಪು ನೆಲದಲ್ಲಿ ಹುಲ್ಲು ಸೊಂಟದ ಮಟ್ಟ ಬಂದಿದೆ. ತೆನೆ ಈಗಷ್ಟೇ ಇಣುಕುತ್ತಿದೆ. ಕೊಯ್ಯಲು ಇದೇ ಸರಿಯಾದ ಹೊತ್ತು, ಆದರೆ ಹಸ್ತ ಮಳೆ ಇನ್ನೂ ಮುಗಿದಿಲ್ಲ ಅಲ್ವಾ.

"ಇನ್ನೊಂದಿಷ್ಟು ಬೆಳೀಲಿ ಬಿಡು, ಪೆಂಡಿ ಜಾಸ್ತಿ ಬರ್ತಾವ" ಅಂತಾರೆ ಕಾಕಾ. ಪೆಂಡಿ ಜಾಸ್ತಿ ಬರೋದು ನಿಜ, ಆದರೆ ಬೀಜ ಕಟ್ಟಿತು ಅಂದ್ರೆ ಕಸುವೆಲ್ಲ ಬೀಜಕ್ಕೆ ಹೋಗಿ ಕಾಂಡ ಕಟ್ಟಿಗೆಯಾಗುತ್ತದೆ, ಎಮ್ಮೆ ಎಲೆ ಆರಿಸಿ ತಿಂದು ಉಳಿದದ್ದನ್ನು ಕಾಲಲ್ಲಿ ತುಳಿಯುತ್ತದೆ. ಮುಳ್ಳುಹುಲ್ಲಿದ್ದರಂತೂ ಅದರ ಚೂಪು ಬೀಜ ನಮ್ಮ ಧೋತ್ರಕ್ಕೂ ಚುಚ್ಚುತ್ತದೆ, ದನದ ಬಾಯಿಗೂ.

ಹಾಗಂತ ಮೋಡ ನೋಡದೆ ಕೊಯ್ದರೂ ಕಷ್ಟ. ಕೊಯ್ದ ಹುಲ್ಲಿಗೆ ಒಳ್ಳೆ ಬಿಸಿಲು ಬೇಕು, ಮಧ್ಯಾಹ್ನ ಒಮ್ಮೆ ಮಗುಚಿ ಹಾಕಬೇಕು. ಕಾಂಡದ ಗೆಣ್ಣನ್ನು ಉಗುರಿನಿಂದ ಕೆರೆದು ನೋಡಿ, ಹಸಿ ಇದ್ದರೆ ಬಣವೆ ಒಟ್ಟಲೇಬೇಡಿ. ಒಳಗೇ ಕಾವು ಏರಿ ಬೂಸ್ಟು ಹಿಡಿಯುತ್ತದೆ, ಕೆಲವೊಮ್ಮೆ ತಾನೇ ಬೆಂಕಿ ಹತ್ತುತ್ತದೆ.

ನನ್ನ ಲೆಕ್ಕ ಇಷ್ಟೇ: ನೀರು ನಿಲ್ಲದ ಮೇಲಿನ ಕಡೆ ಮೊದಲು ಕೊಯ್ಯೋದು, ತಗ್ಗಿನದು ಮಳೆ ಬಿಟ್ಟ ಮೇಲೆ. ಕುಡಗೋಲು ಮಸೆದು ಇಟ್ಟಾಗಿದೆ. ಆಳು ಸಿಗಬೇಕಲ್ಲ, ಊರೆಲ್ಲ ಸೋಯಾ ರಾಶಿಗೆ ಹೋಗಿದೆ!