ಹಳೆಯ ಕಾರಿನಲ್ಲಿ ಬಿಸಿಗಾಳಿ ಮರಳಿ ಬಂದ ಬಗೆ

ಚಳಿದೇಶಕ್ಕೆ ಬಂದು ನೆಲೆಸಿದ ಮೊದಲ ವರ್ಷ, ಕಾರಿನ ಹೀಟರ್ ಎಂದರೆ ಒಳಗೆ ಕುಳಿತವರ ಸುಖಕ್ಕಾಗಿ ಇರುವ ಸಲಕರಣೆ ಎಂದೇ ನಾನು ತಿಳಿದಿದ್ದೆ. ದಪ್ಪನೆಯ ಕೋಟು, ಕೈಗವಸು, ಟೋಪಿ ಇದ್ದರೆ ಅದಿಲ್ಲದೆಯೂ ನಡೆದೀತು ಎಂಬ ಧೈರ್ಯವಿತ್ತು. ಈ ಚಳಿಗಾಲದ ಒಂದು ಬೆಳಗ್ಗೆ, ಹೊರಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿದ್ದಾಗ, ನನ್ನ 20 ವರ್ಷ ಹಳೆಯ ಕಾರಿನಲ್ಲಿ ಹೊರಟ ಹತ್ತೇ ನಿಮಿಷಕ್ಕೆ ನನ್ನದೇ ಉಸಿರು ಮುಂದಿನ ಗಾಜಿನ ಒಳಮೈಗೆ ತಾಗಿ ಹೆಪ್ಪುಗಟ್ಟತೊಡಗಿತು. ಗಾಳಿ ಊದುವ ಫ್ಯಾನು, ಅಂದರೆ ಬ್ಲೋವರ್, ಜೋರಾಗಿ ಸದ್ದು ಮಾಡುತ್ತಿದ್ದರೂ ಬರುತ್ತಿದ್ದುದು ತಣ್ಣನೆಯ ಗಾಳಿ. ಬೆರಳಿನಿಂದ ಕೆರೆದು ಮಾಡಿಕೊಂಡ ಅಂಗೈಯಗಲದ ಕಿಂಡಿಯಲ್ಲಿ ರಸ್ತೆ ನೋಡುತ್ತಾ, ಹೇಗೋ ಬದಿಗೆ ನಿಲ್ಲಿಸಿದೆ. ಇಲ್ಲಿ ಹೀಟರ್ ಕೆಟ್ಟರೆ ಮೈ ನಡುಗುವುದಕ್ಕಿಂತ ಮೊದಲು ಕಣ್ಣೇ ಹೋಗುತ್ತದೆ.

ನಮ್ಮ ಕಡೆಯ ಓದುಗರಲ್ಲಿ ಅನೇಕರಿಗೆ ಹೀಟರ್ ಗುಂಡಿಯನ್ನು ತಿರುಗಿಸುವ ಪ್ರಸಂಗವೇ ಬಂದಿರಲಾರದು; ಆದ್ದರಿಂದ ಅದು ಕೆಲಸ ಮಾಡುವ ಕ್ರಮವನ್ನು ಮೊದಲು ಹೇಳುತ್ತೇನೆ. ಕಾರಿನ ಹೀಟರಿಗೆ ತನ್ನದೇ ಆದ ಬೆಂಕಿಯಿಲ್ಲ. ಪೆಟ್ರೋಲ್ ಉರಿದು ಹುಟ್ಟುವ ಶಾಖದಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಎಂಜಿನ್ನನ್ನು ತಣಿಸಲು ಅದರ ಸುತ್ತ ಹರಿಯುವ ದ್ರವಕ್ಕೆ, ಅಂದರೆ ಕೂಲೆಂಟಿಗೆ, ಸೇರುತ್ತದೆ. ಆ ಬಿಸಿ ಕೂಲೆಂಟಿನ ಒಂದು ಕವಲು ರಬ್ಬರ್ ಹೋಸ್ ಪೈಪಿನ ಮೂಲಕ ಎಂಜಿನ್ ಮತ್ತು ಒಳಾಂಗಣದ ನಡುವಿನ ತಗಡಿನ ಗೋಡೆಯನ್ನು ದಾಟಿ, ಡ್ಯಾಶ್‌ಬೋರ್ಡಿನ ಹೊಟ್ಟೆಯಲ್ಲಿ ಅಡಗಿರುವ, ದಪ್ಪ ಪುಸ್ತಕದಷ್ಟೇ ಗಾತ್ರದ ಒಂದು ಮರಿ ರೇಡಿಯೇಟರನ್ನು ಹೊಕ್ಕು, ಇನ್ನೊಂದು ಪೈಪಿನಿಂದ ಎಂಜಿನ್ನಿಗೆ ಮರಳುತ್ತದೆ. ಈ ಮರಿ ರೇಡಿಯೇಟರೇ ಹೀಟರ್ ಕೋರ್. ಬ್ಲೋವರ್ ಅದರ ರೆಕ್ಕೆಗಳ ಸಂದಿನಿಂದ ಗಾಳಿಯನ್ನು ನೂಕುತ್ತದೆ. ಹಾಯ್ದುಬಂದ ಗಾಳಿ ಬಿಸಿಯಾಗಿ ಗಾಜಿಗೂ ಕಾಲಿಗೂ ತಲುಪುತ್ತದೆ. ಕೋರಿನೊಳಗಿನ ಚಪ್ಪಟೆ ನಾಳಗಳ ಒಳಸಂದು ಬಲು ಕಿರಿದು, ಕೆಲವು ಕಡೆ ಒಂದೆರಡು ಮಿಲಿಮೀಟರ್ ಮಾತ್ರ. ಕೂಲೆಂಟಿನಲ್ಲಿ ತೇಲಿಬರುವ ಯಾವ ಕಸವಾದರೂ ಮೊದಲು ಸಿಕ್ಕಿಕೊಳ್ಳುವುದು ಅಲ್ಲಿಯೇ.

ಕಾರನ್ನು ನೋಡಿದ ಗ್ಯಾರೇಜಿನವರು ಐದು ನಿಮಿಷದಲ್ಲಿ ತೀರ್ಪು ಕೊಟ್ಟರು: ಕೋರ್ ಹೋಗಿದೆ, ಬದಲಿಸಬೇಕು. ಕೋರ್ ದುಬಾರಿ ವಸ್ತುವಲ್ಲ. ಆದರೆ ನನ್ನ ಕಾರಿನಲ್ಲಿ ಅದನ್ನು ತಲುಪಬೇಕಾದರೆ ಸ್ಟಿಯರಿಂಗಿನಿಂದ ಹಿಡಿದು ಇಡೀ ಡ್ಯಾಶ್‌ಬೋರ್ಡನ್ನು ಕಳಚಬೇಕು, ಎ.ಸಿ.ಯ ಅನಿಲವನ್ನು ಯಂತ್ರದಿಂದ ಹೊರತೆಗೆಸಬೇಕು. ಪಳಗಿದ ಕೈಗೂ ಅದು ಒಂದಿಡೀ ದಿನದ ಕೆಲಸ. ಕೂಲಿಯೇ ಕಾರಿನ ಬೆಲೆಯನ್ನು ಮೀರುತ್ತಿತ್ತು.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅವರು ಇಪ್ಪತ್ತೈದು ವರ್ಷ ಲಾರಿ ಓಡಿಸಿದವರು. ಅವರ ಕಾಲದಲ್ಲಿ ಎಂಜಿನ್ನಿನ ಬಿಸಿ ಎಂದರೆ ವೈರಿ. ಘಾಟಿ ಹತ್ತುವಾಗ ರೇಡಿಯೇಟರ್ ಕುದಿಯದಂತೆ ನೋಡಿಕೊಳ್ಳುವುದೇ ಅವರ ಚಿಂತೆಯಾಗಿತ್ತು. ಆದರೂ ನೀರಿನ ಹಾದಿ ಅವರಿಗೆ ಚೆನ್ನಾಗಿ ಗೊತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಒಳಕ್ಕೆ ಹೋಗೋ ಪೈಪು, ಹೊರಕ್ಕೆ ಬರೋ ಪೈಪು, ಎರಡನ್ನೂ ಮುಟ್ಟಿ ನೋಡಿದೆಯೇನೋ?”

“ಇಲ್ಲಪ್ಪ. ಗ್ಯಾರೇಜಿನವರೂ ಮುಟ್ಟಲಿಲ್ಲ.”

“ಮೊದಲು ಮುಟ್ಟಿ ನೋಡು. ಒಂದು ಸುಡ್ತಾ ಇದ್ದು ಇನ್ನೊಂದು ತಣ್ಣಗಿದ್ದರೆ ನಡುವೆ ಕಟ್ಟಿಕೊಂಡಿದೆ ಅಂತ. ಎರಡೂ ಸುಡ್ತಾ ಇದ್ದರೆ ಕೋರಿನ ತಂಟೆಗೆ ಹೋಗಲೇಬೇಡ.”

ಹಳೆಯ ಕಾರು ಇಟ್ಟುಕೊಂಡ ಯಾರಿಗಾದರೂ ನಾನು ಹೇಳುವುದು ಈಗ ಇದೊಂದನ್ನೇ: ಏನನ್ನೂ ಕಳಚುವ ಮೊದಲು ಆ ಎರಡು ಪೈಪುಗಳನ್ನು ಪರೀಕ್ಷಿಸಬೇಕು. ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಓಡಿಸಿ, ಹೀಟರನ್ನು ಅತಿ ಬಿಸಿಗೆ ತಿರುಗಿಸಿ, ತಿರುಗುವ ಬೆಲ್ಟು ಮತ್ತು ಫ್ಯಾನಿನಿಂದ ಕೈಯನ್ನು ದೂರವಿಟ್ಟು, ಗೋಡೆಯ ಬಳಿ ಪೈಪುಗಳ ಬಿಸಿಯನ್ನು ನೋಡಬೇಕು. ಎರಡೂ ಬಿಸಿಯಾಗಿದ್ದು ಗಾಳಿ ಮಾತ್ರ ತಣ್ಣಗಿದ್ದರೆ, ಬಿಸಿಗಾಳಿ ಮತ್ತು ತಂಪುಗಾಳಿಯನ್ನು ಬೆರೆಸುವ ಡ್ಯಾಶ್‌ಬೋರ್ಡಿನೊಳಗಿನ ಸಣ್ಣ ಬಾಗಿಲು ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಎರಡೂ ತಣ್ಣಗಿದ್ದರೆ ಕೂಲೆಂಟ್ ಕಡಿಮೆಯಾಗಿರಬಹುದು, ಅದರ ಹಾದಿಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು, ಅಥವಾ ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ ಬಿಸಿಯೇರದಿರಬಹುದು. ಕೊನೆಯದಾದರೆ ತಾಪದ ಮುಳ್ಳು ಎಂದಿನಂತೆ ನಡುವಿಗೆ ಏರುವುದಿಲ್ಲ. ನಿಂತಾಗ ತಣ್ಣಗೆ, ಓಡುವಾಗ ಬೆಚ್ಚಗೆ ಗಾಳಿ ಬಂದರೆ ಮೊದಲ ಅನುಮಾನ ಕೂಲೆಂಟಿನ ಮಟ್ಟದ ಮೇಲೆ, ಅನಂತರ ವಾಟರ್ ಪಂಪಿನ ಮೇಲೆ. ಕೆಲವು ಕಾರುಗಳಲ್ಲಿ ಹೀಟರ್ ಪೈಪಿಗೆ ಒಂದು ವಾಲ್ವ್ ಇರುತ್ತದೆ. ಅದು ಮುಚ್ಚಿಯೇ ಉಳಿದರೂ ಕೋರ್ ಕಟ್ಟಿಕೊಂಡ ಲಕ್ಷಣವೇ ಕಾಣುತ್ತದೆ, ಆದ್ದರಿಂದ ಅದನ್ನು ನೋಡದೆ ಕೋರಿನ ಮೇಲೆ ದೋಷ ಹೊರಿಸಬಾರದು.

ನನ್ನ ಕಾರಿನಲ್ಲಿ ವಾಲ್ವ್ ಇಲ್ಲ. ಮುಟ್ಟದೆಯೇ ತಾಪ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಪೈಪುಗಳಿಗೆ ಹಿಡಿದೆ. ಒಳಹೋಗುವ ಪೈಪು 84 ಡಿಗ್ರಿ, ಹೊರಬರುವ ಪೈಪು 31 ಡಿಗ್ರಿ ತೋರಿಸಿತು. ಅಪ್ಪ ಹೇಳಿದ ಹಾಗೆ ನಡುವೆ ಕಟ್ಟಿಕೊಂಡಿತ್ತು.

ಕಟ್ಟಿಕೊಂಡದ್ದೇಕೆ ಎಂಬುದು ಬಾನೆಟ್ ತೆರೆದು ಕೂಲೆಂಟಿನ ಡಬ್ಬಿಯನ್ನು ನೋಡಿದಾಗಲೇ ಅರ್ಧ ತಿಳಿಯಿತು. ಹಸಿರಾಗಿರಬೇಕಿದ್ದ ದ್ರವ ಕದಡಿದ ಕೆಂಗಂದು ಬಣ್ಣಕ್ಕೆ ತಿರುಗಿತ್ತು. ಮುಚ್ಚಳದ ಒಳಬದಿಗೆ ಗಸಿ ಅಂಟಿತ್ತು. ಕೂಲೆಂಟಿನ ಕೆಲಸ ಹೆಪ್ಪುಗಟ್ಟದಿರುವುದಷ್ಟೇ ಅಲ್ಲ, ಒಳಗಿನ ಲೋಹ ತುಕ್ಕು ಹಿಡಿಯದಂತೆ ಕಾಯುವುದೂ ಹೌದು. ಹೆಪ್ಪುಗಟ್ಟದ ಗುಣ ವರ್ಷಗಟ್ಟಲೆ ಉಳಿದರೂ ತುಕ್ಕು ತಡೆಯುವ ರಾಸಾಯನಿಕಗಳು ಮೊದಲೇ ತೀರಿಹೋಗುತ್ತವೆ: ಹಳೆಯ ಬಗೆಯ ಹಸಿರು ಕೂಲೆಂಟಿನಲ್ಲಿ ಸುಮಾರು 2 ವರ್ಷಕ್ಕೆ, ದೀರ್ಘಬಾಳಿಕೆಯದೆಂದು ಮಾರುವ ಬಗೆಯಲ್ಲಿ ಸುಮಾರು 5 ವರ್ಷಕ್ಕೆ. ಆಮೇಲೆ ಎಂಜಿನ್ನಿನ ಎರಕದ ಕಬ್ಬಿಣದಿಂದ ಸವೆದ ತುಕ್ಕು, ಗಡಸು ನೀರಿನ ಸುಣ್ಣ, ಹೊಂದಾಣಿಕೆಯಿಲ್ಲದ ಎರಡು ಬಗೆಯ ಕೂಲೆಂಟುಗಳನ್ನು ಬೆರೆಸಿದರೆ ಹುಟ್ಟಬಹುದಾದ ಲೋಳೆ, ಎಲ್ಲವೂ ಸುತ್ತತೊಡಗುತ್ತವೆ. ಇವೆಲ್ಲಕ್ಕಿಂತ ನನಗೆ ಹೆಚ್ಚು ಸಿಟ್ಟು ಬರುವುದು ಸೋರಿಕೆ ನಿಲ್ಲಿಸಲೆಂದು ರೇಡಿಯೇಟರಿಗೆ ಸುರಿಯುವ ಪುಡಿಗಳ ಮೇಲೆ. ಸಣ್ಣ ತೂತನ್ನು ಮುಚ್ಚುವ ಆ ಪುಡಿ, ಅದಕ್ಕಿಂತ ತುಸುವೇ ದೊಡ್ಡದಾದ ಕೋರಿನ ನಾಳವನ್ನು ಮುಚ್ಚದೆ ಬಿಟ್ಟೀತೆಂದು ಹೇಗೆ ನಂಬುವುದು? ನನ್ನ ಕಾರಿನ ಹಿಂದಿನ ಯಜಮಾನರು ಅದನ್ನು ಬಳಸಿದ್ದರೆಂಬುದಕ್ಕೆ, ಆಮೇಲೆ ಹೊರಬಂದ ತಾಮ್ರಬಣ್ಣದ ಹೊಳೆಯುವ ಕಣಗಳೇ ಸಾಕ್ಷಿ.

ಕೆಲಸಕ್ಕೆ ಕೈಹಾಕಲು ಒಂದು ವಾರ ಕಾಯಬೇಕಾಯಿತು. ಮನೆಯೊಳಗೆ ಕಾರು ನಿಲ್ಲಿಸುವ ಜಾಗ ನನಗಿಲ್ಲ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಬರಿಯ ನೀರನ್ನು ಕೋರಿನೊಳಗೆ ಬಿಟ್ಟರೆ ಅದು ಅಲ್ಲೇ ಹೆಪ್ಪುಗಟ್ಟಿ ಉಬ್ಬಿ ನಾಳಗಳನ್ನು ಸೀಳಿಬಿಡುತ್ತದೆ. ಒಂದು ಭಾನುವಾರ ಹವೆ 4 ಡಿಗ್ರಿಗೆ ಏರಿತು. ರಾತ್ರಿ ಮತ್ತೆ ಇಳಿಯುವುದೆಂದು ಗೊತ್ತಿತ್ತು, ಹಾಗಾಗಿ ಕತ್ತಲಾಗುವ ಮುನ್ನ ಎಲ್ಲ ಮುಗಿದು ಹೊಸ ಕೂಲೆಂಟ್ ಒಳಗಿರಲೇಬೇಕಿತ್ತು.

ಎಂಜಿನ್ ಪೂರ್ತಿ ತಣಿದ ಮೇಲೆಯೇ ರೇಡಿಯೇಟರಿನ ಮುಚ್ಚಳ ತೆಗೆದೆ. ಬಿಸಿಯಿರುವಾಗ ತೆಗೆದರೆ ಒತ್ತಡದಲ್ಲಿರುವ ಕೂಲೆಂಟ್ ಚಿಮ್ಮಿ ಮುಖ ಸುಡುತ್ತದೆ. ಹಳೆಯ ದ್ರವವನ್ನು ಅಗಲವಾದ ಪಾತ್ರೆಗೆ ಇಳಿಸಿಕೊಂಡೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ನೆಲದ ಮೇಲೆ ಬಿದ್ದದ್ದನ್ನು ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಅದನ್ನು ಚರಂಡಿಗೂ ಮಣ್ಣಿಗೂ ಚೆಲ್ಲದೆ, ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಒಪ್ಪಿಸಬೇಕು.

ಮುಂದಿನ ಹೆಜ್ಜೆಯಲ್ಲಿ ಅವಸರ ಮಾಡಿದವರೇ ಕೋರನ್ನು ಕೊಲ್ಲುತ್ತಾರೆ. ವರ್ಷಗಟ್ಟಲೆ ಕೂತ ರಬ್ಬರ್ ಪೈಪು ಕೋರಿನ ಲೋಹದ ಮೂತಿಗೆ ಬೆಸೆದಂತೆ ಅಂಟಿರುತ್ತದೆ. ಕ್ಲಾಂಪ್ ಸಡಿಲಿಸಿ ಪೈಪನ್ನು ತಿರುಚಿ ಎಳೆದರೆ, ತೆಳುವಾದ ಆ ಮೂತಿಯೇ ಬುಡದಲ್ಲಿ ಬಿರುಕುಬಿಟ್ಟು, ತಪ್ಪಿಸಿಕೊಳ್ಳಬೇಕೆಂದಿದ್ದ ಡ್ಯಾಶ್‌ಬೋರ್ಡಿನ ಕೆಲಸವೇ ತಲೆಗೆ ಬರುತ್ತದೆ. ನಾನು ಎಳೆಯಲಿಲ್ಲ. ಲೋಹಕ್ಕೆ ಗೀರಾಗದಂತೆ ಪೈಪಿನ ತುದಿಯನ್ನು ಉದ್ದಕ್ಕೆ ಬ್ಲೇಡಿನಿಂದ ಸೀಳಿ, ಬಾಳೆದಿಂಡಿನ ಪಟ್ಟೆ ಬಿಡಿಸುವಂತೆ ಬಿಡಿಸಿ ತೆಗೆದೆ. ಆ ಪೈಪುಗಳು ಹೇಗೂ ಹಳತಾಗಿದ್ದವು, ಹೊಸವನ್ನು ತಂದಿಟ್ಟುಕೊಂಡಿದ್ದೆ.

ಬಳಿಕ ಎರಡೂ ಮೂತಿಗಳಿಗೆ ಒಂದೊಂದು ಪಾರದರ್ಶಕ ಪೈಪು ಸಿಕ್ಕಿಸಿ, ಕೂಲೆಂಟ್ ಹೊರಬರುತ್ತಿದ್ದ ಮೂತಿಯಿಂದ ನೀರನ್ನು ಒಳಕ್ಕೆ ಬಿಟ್ಟೆ. ಈ ಹಿಮ್ಮುಖದ ಹರಿವಿನಲ್ಲೇ ಇಡೀ ವಿದ್ಯೆ ಇದೆ. ಕಾಲುವೆಯ ತೂಬಿನ ಜಾಲರಿಗೆ ಎಲೆಗಳು ಬಂದು ಒತ್ತಿಕೊಂಡಾಗ, ಅದೇ ಕಡೆಯಿಂದ ಇನ್ನಷ್ಟು ನೀರು ಬಿಟ್ಟರೆ ಅವು ಮತ್ತಷ್ಟು ಬಿಗಿಯುತ್ತವೆಯೇ ಹೊರತು ಬಿಡುವುದಿಲ್ಲ. ಹಿಂದಿನಿಂದ ನೂಕಿದರೆ ತಾವಾಗಿ ಕಳಚಿಕೊಳ್ಳುತ್ತವೆ. ನಾಳಗಳ ಬಾಯಲ್ಲಿ ಕೂತ ಕಸವೂ ಹಾಗೆಯೇ. ನಲ್ಲಿಯನ್ನು ಮಾತ್ರ ಪೂರ್ತಿ ತಿರುಗಿಸಬಾರದು: ಕೂಲೆಂಟ್ ವ್ಯವಸ್ಥೆಯ ಒತ್ತಡ ಸಾಮಾನ್ಯವಾಗಿ ವಾಯುಭಾರಕ್ಕಿಂತ 1 ಬಾರ್‌ನಷ್ಟು ಹೆಚ್ಚಿರುತ್ತದೆ, ಮನೆಯ ನಲ್ಲಿಯ ಒತ್ತಡ ಅದರ ಎರಡು ಮೂರು ಪಟ್ಟು ಇರಬಹುದು, ಸವೆದ ಕೋರ್ ಅದನ್ನು ತಾಳದು.

ಮೊದಲು ಏನೂ ಬರಲಿಲ್ಲ. ಪಾರದರ್ಶಕ ಪೈಪಿನಲ್ಲಿ ಒಂದು ಹನಿ, ಇನ್ನೊಂದು ಹನಿ. ನೀರು ನಿಲ್ಲಿಸಿ, ಮತ್ತೆ ಬಿಟ್ಟು, ಸಣ್ಣ ಸಣ್ಣ ನೂಕುಗಳನ್ನು ಕೊಡುತ್ತಾ ಹತ್ತು ನಿಮಿಷ ಕಳೆದಿರಬೇಕು. ಇದ್ದಕ್ಕಿದ್ದಂತೆ ಪೈಪು ನಡುಗಿ, ರಾಗಿ ಅಂಬಲಿಯಷ್ಟು ಗಟ್ಟಿಯಾದ ಕಂದು ಕೆಸರು ಬಕೆಟ್ಟಿಗೆ ಬಂದು ಬಿತ್ತು. ಅದರ ಹಿಂದೆಯೇ ತುಕ್ಕಿನ ಚಕ್ಕೆಗಳು, ಉಗುರಿನಷ್ಟಗಲದ ಸುಣ್ಣದ ಹಕ್ಕಳೆ ಒಂದು, ಆಮೇಲೆ ಆ ತಾಮ್ರಬಣ್ಣದ ಪುಡಿ. ನಾಲ್ಕು ಬಕೆಟ್ ತುಂಬಿದ ಮೇಲೆ ನೀರು ತಿಳಿಯಾಯಿತು. ಆದರೂ ಹರಿವು ಪೆನ್ಸಿಲ್ ದಪ್ಪಕ್ಕಿಂತ ಹೆಚ್ಚಾಗಲಿಲ್ಲ.

ಉಳಿದದ್ದನ್ನು ಕರಗಿಸಲು ಒಂದು ಲೀಟರ್ ಬೆಚ್ಚನೆಯ ನೀರಿಗೆ ಸುಮಾರು 50 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಕೋರಿಗೆ ತುಂಬಿ, ಎರಡೂ ಪೈಪುಗಳನ್ನು ಮೇಲಕ್ಕೆ ಕಟ್ಟಿ 20 ನಿಮಿಷ ಬಿಟ್ಟೆ. ಈ ಆಮ್ಲ ತುಕ್ಕನ್ನೂ ಸುಣ್ಣವನ್ನೂ ಕರಗಿಸುತ್ತದೆ. ಈಚಿನ ಕೋರುಗಳು ಬಹುಪಾಲು ಅಲ್ಯೂಮಿನಿಯಂನವು, ಆದ್ದರಿಂದ ಆಮ್ಲವನ್ನು ರಾತ್ರಿಯಿಡೀ ಬಿಡುವುದು ಸರಿಯಲ್ಲ. ಅಡುಗೆಮನೆಯ ಕೊಳಾಯಿ ಶುಚಿಮಾಡುವ ಕ್ಷಾರದ ಪುಡಿಯನ್ನಂತೂ ಎಂದಿಗೂ ಹಾಕಬಾರದು. ಅದು ಅಲ್ಯೂಮಿನಿಯಮ್ಮನ್ನೇ ತಿಂದುಹಾಕುತ್ತದೆ. ಎರಡು ಸಲ ಹೀಗೆ ನೆನೆಸಿ, ಒಮ್ಮೆ ಹಿಮ್ಮುಖವಾಗಿ ಒಮ್ಮೆ ಮುಮ್ಮುಖವಾಗಿ ತೊಳೆದಾಗ, ಹರಿವು ಪೈಪಿನ ಬಾಯಿತುಂಬ ಬರತೊಡಗಿತು. ಕೊನೆಗೆ ಸುಣ್ಣದ ಅಂಶವಿಲ್ಲದ ಡಿಸ್ಟಿಲ್ಡ್ ನೀರಿನಿಂದ ತೊಳೆದು, ಮೆಲ್ಲಗೆ ಊದಿ ಖಾಲಿ ಮಾಡಿದೆ.

ಹೊಸ ಪೈಪು ಜೋಡಿಸಿ ಕೂಲೆಂಟ್ ತುಂಬುವಾಗ ಚಳಿದೇಶದವರು ನೆನಪಿಡಬೇಕಾದ ಲೆಕ್ಕವೊಂದಿದೆ. ಗ್ಲೈಕಾಲ್ ಮತ್ತು ನೀರನ್ನು ಅರ್ಧಕ್ಕರ್ಧ ಬೆರೆಸಿದರೆ ಅದು ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟುವುದಿಲ್ಲ. ಆದರೆ ತೊಳೆದ ನೀರು ಎಂಜಿನ್ನಿನ ಮೂಲೆಗಳಲ್ಲಿ ಉಳಿದೇ ಇರುತ್ತದೆ. ಬೆರೆಸಿಟ್ಟ ಕೂಲೆಂಟನ್ನು ಅದರ ಮೇಲೆ ಸುರಿದರೆ ತೆಳುವಾಗುತ್ತದೆ. ಆದ್ದರಿಂದ ವ್ಯವಸ್ಥೆಯ ಒಟ್ಟು ಅಳತೆಯ ಅರ್ಧದಷ್ಟು ಶುದ್ಧ ಕೂಲೆಂಟನ್ನು ಮೊದಲು ಸುರಿದು, ಉಳಿದದ್ದನ್ನು ಡಿಸ್ಟಿಲ್ಡ್ ನೀರಿನಿಂದ ತುಂಬಿದೆ. ಎಂಜಿನ್ ಓಡಿ ಎಲ್ಲ ಬೆರೆತು ತಣಿದ ಮೇಲೆ, ಬೆರಕೆಯ ಸಾಂದ್ರತೆ ತೋರಿಸುವ ಹೈಡ್ರೋಮೀಟರಿನಲ್ಲಿ ಅಳೆದು ನೋಡಿದೆ.

ಕೂಲೆಂಟಿನ ಹಾದಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸುವ ಕೆಲಸಕ್ಕೆ ತಾಳ್ಮೆ ಬೇಕು. ಕಾರಿನ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ಮುಚ್ಚಳ ತೆರೆದಿಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಶುರು ಮಾಡಿದೆ. ಡ್ಯಾಶ್‌ಬೋರ್ಡಿನ ಒಳಗೆ ಗುಳುಗುಳು ಸದ್ದು ಕೇಳಿಸುತ್ತಿದ್ದಷ್ಟು ಹೊತ್ತೂ ಗುಳ್ಳೆಗಳು ಮೇಲೇಳುತ್ತಿದ್ದವು, ಮಟ್ಟ ಇಳಿಯುತ್ತಿತ್ತು, ನಾನು ತುಂಬುತ್ತಿದ್ದೆ. ಥರ್ಮೋಸ್ಟಾಟ್ ತೆರೆದು ರೇಡಿಯೇಟರಿನ ಪೈಪು ಬಿಸಿಯಾದ ಮೇಲೆ ಗುಳ್ಳೆ ನಿಂತಿತು. ಥರ್ಮಾಮೀಟರ್ ಹಿಡಿದಾಗ ಒಳಪೈಪು 86, ಹೊರಪೈಪು 71 ಡಿಗ್ರಿ. ಕಿಂಡಿಯಿಂದ ಬರುವ ಗಾಳಿ 54.

ತೊಳೆಯುವುದು ಎಲ್ಲ ಕೋರಿಗೂ ಮದ್ದಲ್ಲ. ಕಾಲಡಿಯ ಚಾಪೆ ಒದ್ದೆಯಾಗಿದ್ದರೆ, ಒಳಗೆ ಸಿಹಿವಾಸನೆ ಬರುತ್ತಿದ್ದರೆ, ಗಾಜಿನ ಮೇಲೆ ಎಣ್ಣೆಯಂತಹ ಮಬ್ಬು ಕೂರುತ್ತಿದ್ದರೆ ಕೋರ್ ಸೋರುತ್ತಿದೆ ಎಂದೇ ಅರ್ಥ. ಆಗ ಕೂಲೆಂಟಿನ ಹಬೆಯನ್ನು ಉಸಿರಾಡುತ್ತಾ ಓಡಾಡದೆ, ಡ್ಯಾಶ್‌ಬೋರ್ಡ್ ಕಳಚಿಸಿ ಬದಲಿಸಿಕೊಳ್ಳುವುದೇ ಸರಿ.

ಅಪ್ಪನಿಗೆ ಎರಡೂ ಪೈಪಿನ ಅಂಕಿಗಳನ್ನು ಹೇಳಿದಾಗ, “ಒಂದು ವಾರ ಬಿಟ್ಟು ಡಬ್ಬಿ ನೋಡು, ಎಂಜಿನ್ನೊಳಗಿನ ತುಕ್ಕು ಇನ್ನೂ ಬರುತ್ತೆ,” ಎಂದರು. ನಿನ್ನೆ ನೋಡಿದೆ. ಡಬ್ಬಿಯ ತಳದಲ್ಲಿ ನವಿರಾದ ಕಂದು ಗೆರೆಯೊಂದು ಕೂತಿದೆ. ಗಾಳಿ ಇನ್ನೂ ಅಷ್ಟೇ ಬಿಸಿಯಾಗಿದೆ. ಮಂಜು ಕರಗಿದ ಮೇಲೆ ಇಡೀ ವ್ಯವಸ್ಥೆಯನ್ನು ಇನ್ನೊಮ್ಮೆ ಖಾಲಿ ಮಾಡಿ ತೊಳೆಯಲು ಕೂಲೆಂಟಿನ ಎರಡು ಕ್ಯಾನುಗಳನ್ನು ತಂದಿಟ್ಟಿದ್ದೇನೆ.