“ಕೈ ಇಡಿ ಸರ್ ಇಲ್ಲಿ”

“ಸ್ಟೇರಿಂಗ್ ಒಂದೇ ಕಡೆ ಎಳೀತದಾ, ಇಲ್ಲಾ ಆ ಕಡೆ ಈ ಕಡೆ ಓಲಾಡ್ತದಾ?”

ಕಾರು ಮುಟ್ಟುವ ಮೊದಲು ಮೆಕ್ಯಾನಿಕ್ ಕೇಳಿದ್ದು ಇಷ್ಟೇ. ಈ ವಾರವೆಲ್ಲ ಅದೇ ಕಿವಿಯಲ್ಲಿದೆ, ಯಾಕೆಂದರೆ ಅಲ್ಲಿಯವರೆಗೆ ಇದನ್ನು ಯಾರೂ ಕೇಳಿರಲಿಲ್ಲ.

ವೇಗ 80 ದಾಟಿದರೆ ಕಾರು ನೇರ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಲಾರಿ ಹಾದುಹೋದರಂತೂ ಮುಂಭಾಗವೇ ತೇಲಿದಂತಾಗುತ್ತಿತ್ತು. ಸಲಹೆಗೇನೂ ಬರ ಇರಲಿಲ್ಲ. ಅಗಲದ ಟೈರ್ ಹಾಕಿಸು ಅಂದರು ಭಾವ. ಆಕ್ಸೆಸರಿ ಅಂಗಡಿಯವನು ಕಾರಿನ ಹತ್ತಿರವೂ ಬಾರದೆ ಗಿಡ್ಡ ಸ್ಪ್ರಿಂಗ್, ಸ್ಟ್ರಟ್ ಬಾರ್ ಎಂದು ಪಟ್ಟಿ ಬರೆದುಕೊಟ್ಟ. ಮಾರುವುದು ಅವನ ಕಸುಬು, ಒಪ್ಪುತ್ತೇನೆ. ಆದರೆ ನಾಡಿ ಹಿಡಿಯದೆ ಮದ್ದು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅದರಲ್ಲೂ ಆ ಕಾರಿನಲ್ಲಿ ಮಕ್ಕಳು ಕೂರುವಾಗ.

ಓಲಾಡುತ್ತದೆ ಎಂದೆ. “ಎಳೆದರೆ ಗಾಳಿ, ಅಲೈನ್‌ಮೆಂಟ್ ಅಂದ್ರೆ ಚಕ್ರಗಳು ನಿಂತಿರೋ ಕೋನ, ಹಿಡಿದುಕೊಂಡ ಬ್ರೇಕ್ ನೋಡ್ಬೇಕು. ಓಲಾಡಿದ್ರೆ ಎಲ್ಲೋ ಸಡಿಲ ಆಗಿರ್ತದೆ,” ಎಂದ. ಆದರೂ ಗಾಳಿಯಿಂದಲೇ ಶುರು ಮಾಡಿದ. ಓಡಿ ಬಿಸಿಯಾದ ಟೈರ್ ಹೆಚ್ಚು ಒತ್ತಡ ತೋರಿಸುತ್ತದೆಂದು ತಣಿಯುವವರೆಗೆ ಕಾಯಿಸಿದ. ಟೈರಿನ ಪಕ್ಕೆಯ ಮೇಲಿರುವ ಅಂಕಿ ಗರಿಷ್ಠ ಮಿತಿ. ತುಂಬಿಸಬೇಕಾದದ್ದು ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿರುವಷ್ಟು. ಆಮೇಲೆ ಮುಂಭಾಗ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಗಡಿಯಾರದ 12 ಮತ್ತು 6 ಇರುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದ. ಅಲ್ಲಿ ಪ್ಲೇ, ಅಂದರೆ ಸಡಿಲ, ಇದ್ದರೆ ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಮೇಲೆ ಅನುಮಾನ. ಏನೂ ಇರಲಿಲ್ಲ. 3 ಮತ್ತು 9ರಲ್ಲಿ ಹಿಡಿದಾಗ ಅವನ ಮುಖ ಬದಲಾಯಿತು. ಹುಡುಗನ ಕೈಗೆ ಚಕ್ರ ಕೊಟ್ಟು ನನ್ನನ್ನು ಕರೆದ.

“ಕೈ ಇಡಿ ಸರ್ ಇಲ್ಲಿ.”

ಸ್ಟೇರಿಂಗ್ ಅನ್ನು ಚಕ್ರಕ್ಕೆ ಜೋಡಿಸುವ ಸರಳಿನ, ಅಂದರೆ ಟೈ ರಾಡಿನ, ತುದಿಯ ಮೇಲೆ ಬೆರಳಿಟ್ಟೆ. ಟಕ್. ಚಕ್ರ ಆ ಕಡೆ ಹೋದಾಗೊಮ್ಮೆ, ಈ ಕಡೆ ಬಂದಾಗೊಮ್ಮೆ. ಕೂದಲೆಳೆಯಷ್ಟು ಸಡಿಲ, ಅಷ್ಟೇ. ನಾನು ತಿರುಗಿಸಿದ್ದು ಚಕ್ರಕ್ಕೆ ತಲುಪುವ ಮೊದಲು ಅಲ್ಲೇ ಕಳೆದುಹೋಗುತ್ತಿತ್ತು. ಇದರ ಮೇಲೆ ಅಗಲದ ಟೈರ್ ಹಾಕಿಸಿದ್ದರೆ ರಸ್ತೆಯ ಪ್ರತಿ ಗೀರಿಗೂ ಕಾರು ಇನ್ನಷ್ಟು ಅಲೆದಾಡುತ್ತಿತ್ತು.

ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಕೂಡ ಬಿರುಕುಬಿಟ್ಟಿತ್ತು. ಎರಡನ್ನೂ ಬದಲಿಸಿದ ಮೇಲೆಯೇ ಅಲೈನ್‌ಮೆಂಟ್. ಸಡಿಲ ಹಾಗೇ ಇದ್ದರೆ ಮಾಡಿಸಿದ ಅಳತೆ ನಿಲ್ಲುವುದಿಲ್ಲ. ಹೆಚ್ಚು ಬಟನ್, ಅಂದರೆ ಸವೆಯದ ಅಚ್ಚು, ಉಳಿದಿದ್ದ ಟೈರ್‌ಗಳನ್ನು ಹಿಂದಕ್ಕೆ ಹಾಕಿದ, ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಕಾರನ್ನು ಹಿಡಿತಕ್ಕೆ ತರುವುದು ಕಷ್ಟವೆಂದು. ಎಲ್ಲ ಸೇರಿ ಆದ ಖರ್ಚು ಅಂಗಡಿಯವನ ಪಟ್ಟಿಯ ಒಂದು ಸಣ್ಣ ಪಾಲು.

ಬಿಲ್ಲಿನಲ್ಲಿ ಬಿಡಿಭಾಗದ ಬೆಲೆ ಇತ್ತು, ಬಿಚ್ಚಿ ಕೂರಿಸಿದ ಕೂಲಿ ಇತ್ತು. ನೆಲದ ಮೇಲೆ ಮಲಗಿ ಹುಡುಕಿದ್ದಕ್ಕೆ ಏನೂ ಇರಲಿಲ್ಲ. ಕೇಳಿದೆ. “ನೋಡಿದ್ದಕ್ಕೆಲ್ಲ ಯಾರು ದುಡ್ಡು ಕೊಡ್ತಾರೆ ಸರ್?” ಅಂದ, ಬೇಸರವೂ ಇಲ್ಲದೆ.

ಆ ಟಕ್‌ಗಿಂತ ಹೆಚ್ಚಾಗಿ ಈ ಮಾತು ನನ್ನನ್ನು ಕಾಡುತ್ತಿದೆ. ವಸ್ತುವಿಗೆ ಚೌಕಾಸಿ ಮಾಡಿಯಾದರೂ ಹಣ ಕೊಡುತ್ತೇವೆ, ಕಂಡುಹಿಡಿದವನ ಬುದ್ಧಿಯನ್ನು ಪುಕ್ಕಟೆ ಎಂದುಕೊಳ್ಳುತ್ತೇವೆ. ಆಗ ನೋಡಬಲ್ಲವನು ಕೂಡ ನೋಡುವುದನ್ನು ಬಿಟ್ಟು ಮಾರುವುದಕ್ಕೆ ನಿಂತರೆ ತಪ್ಪು ಯಾರದು? ಬದಲಿಸಬೇಕಾಗಿಲ್ಲ ಎಂದು ಹೇಳಿದರೆ ಅವನಿಗೆ ನಷ್ಟ, ನಮಗೆ ಲಾಭ. ಇಂಥ ವ್ಯವಸ್ಥೆಯಲ್ಲೂ ನಿಜ ಹೇಳುವವರು ಉಳಿದಿದ್ದಾರೆ ಎನ್ನುವುದೇ ದೊಡ್ಡದು. ಆ ದಿನ ಹೆಚ್ಚಿಗೆ ಹಣ ಕೊಟ್ಟೆ, ಸಂಕೋಚದಿಂದಲೇ ತೆಗೆದುಕೊಂಡ.

ಹಿಂದಿನ ಶಾಕ್ ಅಬ್ಸಾರ್ಬರ್‌ನಲ್ಲಿ ಎಣ್ಣೆ ಜಿನುಗಿದೆಯಂತೆ. ಮುಂದಿನ ತಿಂಗಳು ಎರಡೂ ಕಡೆಯದನ್ನು ಒಟ್ಟಿಗೇ ಬದಲಿಸಬೇಕು. ಆಗ ತಪಾಸಣೆಯ ಕೂಲಿಯನ್ನು ಬಿಲ್ಲಿನಲ್ಲೇ ಬರೆಯುವಂತೆ ಈಗಲೇ ಹೇಳಿಟ್ಟಿದ್ದೇನೆ.